ಅಂಕೋಲೆಗೆ ಹೋಗದ ತೊಲೆ

ಮನೆ ಕೆಡವಿ ನೋಡು, ಕೊಲೆ ಮಾಡಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಮಾಡಿಲ್ಲವೇ? ಹಾಗಾದರೆ ಈ ನಡೆದ ಸಂಗತಿ ಓದಿ ನೀವೇ ಮಾಡಿಕೊಳ್ಳಿ. ಇದರಲ್ಲಿ ಸುಳ್ಳ ಎಂಬ ಹಳ್ಳಿಯಿಂದ ಬಂದ ಹಮಾಲನೊಬ್ಬನಿದ್ದಾನೆ; ಸುಳ್ಳು ಮಾತ್ರ ಇಲ್ಲ.

೧೯೬೨ರ ಏಪ್ರಿಲ್ ಒಂಬತ್ತು, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹುಬ್ಬಳ್ಳಿಯ ಕಮರಿಪೇಟೆಯ ಠಾಣೆಗೆ ಸಾವಕ್ಕ ಬರಿಗಾಲಲ್ಲಿ ಓಡಿ ಬಂದಳು. ಆಕೆಯ ಗಂಡ ಯಮನಪ್ಪ ಹಳೆಯ ವಾಡೆಗಳನ್ನು ಕೆಡವಿ ತೊಲೆ, ಬಾಗಿಲು, ಹೆಂಚು ಮಾರುವ ವ್ಯಾಪಾರಿ.

"ನನ್ನ ಗಂಡನ್ನ ಆ ಹಮಾಲ ಮಡಿವಾಳ್ಯಾ ಜಜ್ಜಿ ಕೊಂದಾನ್ರೀ!"

"ಕಣ್ಣಿಲೆ ನೋಡೀಯೇನವಾ?" ಇನ್‌ಸ್ಪೆಕ್ಟರ್ ಹಂಚಿನಮನಿ ಕೇಳಿದರು.

"ನಿನ್ನಿ ಜಗಳಾ ಮಾಡ್ಯಾನ. ಇವತ್ತ ಅವನ ಧೋತ್ರದ ತುಂಬ ರಗತ!"

ಎಫ್‌ಐಆರ್ ದಾಖಲಾಯಿತು. ಮಡಿವಾಳಪ್ಪನನ್ನು ಎಳೆತಂದು ಲಾಕಪ್ಪಿಗೆ ನೂಕಿ, ಎಂಟು ಗಂಟೆಗೆ ಇನ್‌ಸ್ಪೆಕ್ಟರು ಯಮನಪ್ಪನ ಕಟ್ಟಿಗೆ ಅಡ್ಡೆ ತಲುಪಿದರು.

ಶವ ಅಂಗಾತ ಬಿದ್ದಿತ್ತು. ಹನ್ನೆರಡು ಅಡಿಯ ತೇಗದ ತೊಲೆಯ ಒಂದು ತುದಿ ಎದೆಯನ್ನು ಒಳಕ್ಕೆ ಇಳಿಸಿತ್ತು. ಹಿಂದಲೆ ಒಡೆದು, ನೆತ್ತರಿಗೆ ಕಟ್ಟಿಗೆಯ ಹೊಟ್ಟು ಮೆತ್ತಿಕೊಂಡಿತ್ತು. ಪಕ್ಕದಲ್ಲೇ ಅರ್ಧ ತುಂಬಿದ ಲಾರಿ. ಮಾಲು ಧಾರವಾಡದ ನಿವೃತ್ತ ಹೆಡ್‌ಮಾಸ್ತರ ಗಂಗಪ್ಪನವರದು. ಅವರು ಅಂಕೋಲೆಯ ಕಡಲದಂಡೆಯ ತಮ್ಮ ಹಳೇ ಮನೆಗೆ ಹೊಸ ಪಡಸಾಲೆ ಕೂಡಿಸುತ್ತಿದ್ದರು. ಉಪ್ಪುಗಾಳಿಗೆ ಕಬ್ಬಿಣ ಬಾಳದು, ಹಸಿ ಕಟ್ಟಿಗೆ ಸೊಟ್ಟಗಾಗುತ್ತದೆ. ನೂರು ವರ್ಷ ಒಣಗಿದ ವಾಡೆಯ ತೇಗವೇ ಆಗಬೇಕೆಂದು ಹಟ. ಆ ಕೆಲಸದ ಬಡಗಿ ಕಾಳಪ್ಪ ಬಡಿಗೇರ ಮೂರು ದಿನದಿಂದ ಅಡ್ಡೆಯಲ್ಲೇ ಇದ್ದ.

"ತೊಲಿ ಬಿದ್ದು ಸತ್ತಾನ್ರಿ. ಬೆಣಿ ಸರದಿರಬೇಕು," ಎಂದ ಕಾಳಪ್ಪ.

ಪಂಚನಾಮೆ ಬರೆಯುತ್ತಿದ್ದ ಹವಾಲ್ದಾರ ಮಕ್ತುಮಸಾಬ ಲೇಖಣಿ ನಿಲ್ಲಿಸಿದ. "ಸಾಹೇಬ್ರ, ಹಿಂದಲಿಗೆ ಎರಡು ಏಟು. ತೊಲಿ ಬಿದ್ದದ್ದು ಎದಿ ಮ್ಯಾಲ. ಅದೇನ ಸುತ್ತ ಹಾಕಿ ಬೆನ್ನಿಂದ ಬಂದು ಹೊಡೀತೇನ್ರಿ?"

"ಬರಿ. ಇನ್ನೊಂದು ತುದಿ ಎರಡು ಇಟ್ಟಂಗಿ ಮ್ಯಾಲ ಐತಿ. ಅದನ್ನೂ ಬರಿ."

"ಇಟ್ಟಂಗೀನೂ ಯಾಕ್ರಿ?"

"ಬೀಳೋ ತೊಲಿ ತಾನ ಇಟ್ಟಂಗಿ ಹಾಸಿಕೊಂಡು ಬೀಳ್ತದೇನಲೇ, ಶಾಣ್ಯಾ?"

ಮಧ್ಯಾಹ್ನದವರೆಗೆ ಹೇಳಿಕೆಗಳಾದವು. ಅತ್ತ ಠಾಣೆಯಲ್ಲಿ ಇಬ್ಬರು ಪೇದೆಗಳು ಮಡಿವಾಳಪ್ಪನ ಅಂಗಾಲಿಗೆ ಲಾಠಿ ಬಾರಿಸುತ್ತಿದ್ದರು. ಎರಡು ಹಲ್ಲು ಆಗಲೇ ನೆಲದ ಮೇಲಿದ್ದವು.

"ಹೊಡದಿದ್ದು ಖರೇ ಅನ್ನು!"

"ಖರೇ ಐತ್ರಿ, ಭಾಳ ಹೊಡದೀರಿ."

ಈ ಉತ್ತರಕ್ಕೆ ಮತ್ತೆ ಹತ್ತು ಏಟು ಬಿದ್ದವು. ನಾಲ್ಕು ಗಂಟೆಗೆ ಅವನು, "ಹೆಬ್ಬಟ್ಟ ಎಲ್ಲಿ ಒತ್ತಲಿ ಹೇಳ್ರಿ," ಎಂದ. ಒತ್ತಿದ್ದರೆ ಮರುದಿನ ಹನ್ನೊಂದಕ್ಕೆ ಮ್ಯಾಜಿಸ್ಟ್ರೇಟರ ಎದುರು, ಆಮೇಲೆ ನೇಣುಗಂಬದ ಎದುರು ನಿಲ್ಲಬೇಕಿತ್ತು. ಇನ್‌ಸ್ಪೆಕ್ಟರು ಒಳಬಂದವರೇ ತಪ್ಪೊಪ್ಪಿಗೆಯ ಕಾಗದ ಹರಿದು, ಪೇದೆಗಳನ್ನು ಹೊರಗಟ್ಟಿದರು.

"ರಗತ ಹೆಂಗ ಹತ್ತಿತೋ?"

"ಜೀವ ಐತೇನೋ ಅಂತ ಎಳಿಯಾಕ ಹೋಗಿದ್ನಿರಿ."

"ತೊಲಿ-ನಾಟಾ ಇಳಸೂ ಮುಂದ ಕೆಳಗ ಏನ ಇಡ್ತಿ?"

"ಏನೂ ಇಲ್ರಿ. ಧೊಪ್ಪಂತ ಒಗೀತೇನಿ. ನಿನ್ನಿ ಒಂದು ಚೌಕಟ್ಟು ಸೀಳಿತು. ಯಮನಪ್ಪ ಬೈದ, ನಾನೂ ಬೈದೆ. ಅಷ್ಟ ಜಗಳ."

ಮರುದಿನ ಬೆಳಿಗ್ಗೆ ಎಂಟು ಗಂಟೆ. ಠಾಣೆಯ ಅಂಗಳಕ್ಕೆ ಹತ್ತು ಕೊಡ ನೀರು ಹೊಯ್ಸಿ, ಜಪ್ತಾದ ತೊಲೆಯನ್ನು ಆ ರಾಡಿಯಲ್ಲೇ ಕೆಡವಿಸಿದರು. ಮಾಸ್ತರು, ಲಾರಿ ಡ್ರೈವರ್ ಮತ್ತು ಕಾಳಪ್ಪನನ್ನು ಸಹಿಯ ನೆಪ ಹೇಳಿ ಕರೆಸಿ ಅಂಗಳದಲ್ಲೇ ಕಾಯಿಸಿದರು. ಇನ್‌ಸ್ಪೆಕ್ಟರು ಕಿಟಕಿಯ ಹಿಂದೆ ನಿಂತರು.

ಡ್ರೈವರ್ ತೊಲೆಯ ಮೇಲೆ ಕೂತು ಬೀಡಿ ಹಚ್ಚಿದ. ಮಾಸ್ತರು ಧೋತರ ಎತ್ತಿ ರಾಡಿ ದಾಟಿದರು. ಕಾಳಪ್ಪ ಕೂತ, ಎದ್ದ, ಮತ್ತೆ ಕೂತ. ಕೊನೆಗೆ, "ಏಳಲೇ ಮ್ಯಾಲೆ, ಮನಿಷ್ಯಾರೇನ್ ನೀವು?" ಎಂದು ಡ್ರೈವರನನ್ನು ದಬ್ಬಿ, ಗೋಡೆಗೆ ಆನಿಸಿದ್ದ ಹಾರೆಯಿಂದ ತೊಲೆ ಮೀಟಿ, ಬಾವಿಕಟ್ಟೆಯ ಎರಡು ಇಟ್ಟಂಗಿ ತಂದು ಕೆಳಗೆ ಸರಿಸಿದ.

ಇನ್‌ಸ್ಪೆಕ್ಟರು ಹೊರಬಂದರು. "ಎರಡ ಸಾಕೇನ್, ಕಾಳಪ್ಪ?"

"ಸಾಕ್ರಿ. ಮಣ್ಣು ತಾಗಿ ಒರಲಿ, ಗೆದ್ದಲ ಹತ್ತಬಾರ್ದು, ಅಷ್ಟ..."

"ನಿನ್ನಿ ಹೆಣದ ಹಂತ್ಯಾಕೂ ಎರಡ ಇದ್ದುವು."

ಕಾಳಪ್ಪ ಓಡಲಿಲ್ಲ. "ಕೊಡತಿ ಲಾರ್ಯಾಗ, ಹೆಂಚಿನ ಕೆಳಗ ಐತ್ರಿ," ಎಂದ. ಆ ಮರದ ಸುತ್ತಿಗೆಯ ಬಿರುಕಿನಲ್ಲಿ ನೆತ್ತರೂ ಕೂದಲೂ ಸಿಕ್ಕವು. ಎಂಟು ಐವತ್ತಕ್ಕೆ ಬಂಧನವಾಯಿತು. ಮಡಿವಾಳಪ್ಪ ಗೋಡೆ ಹಿಡಿದುಕೊಂಡು ಹೊರಬಂದ.

ಕಾಳಪ್ಪನ ಹೇಳಿಕೆ ಚಿಕ್ಕದು. ಎರಡು ತಿಂಗಳ ಹಿಂದೆ ವಾಡೆ ಕೆಡವುವಾಗ, ಗೋಡೆಗೆ ಆಸರೆ ಕೊಡುವ ಮೊದಲೇ ಯಮನಪ್ಪ ಇದೇ ತೊಲೆ ಎಳೆಸಿದ್ದ. ಕಾಳಪ್ಪನ ಹೆಂಡತಿ, ಮಣ್ಣಿನ ಬುಟ್ಟಿ ಹೊತ್ತಿದ್ದ ದುರಗವ್ವನ ಎದೆಯ ಮೇಲೆ ಅದು ಬಿತ್ತು. ತೊಲೆಯನ್ನು ಸುಟ್ಟುಬಿಡುತ್ತೇನೆಂದು ಯಮನಪ್ಪ ಹೆಣದ ಮುಂದೆ ಆಣೆ ಮಾಡಿದ್ದ. ಏಪ್ರಿಲ್ ಒಂಬತ್ತರ ನಸುಕಿನಲ್ಲಿ ಅದನ್ನೇ ಉರುಳಿಸಿ ತಂದು, "ಮಾಸ್ತರ ಪಡಸಾಲಿಗೆ ಇದ. ರಗತದ ಕಲಿ ಐತಿ, ಹತ್ತರಿಲೆ ಹೆರದು ತಗಿ," ಎಂದು ಬೆನ್ನು ತಿರುಗಿಸಿದ. ಕಾಳಪ್ಪ ಎರಡು ಸಲ ಹೊಡೆದ. ಆಮೇಲೆ ಅವನನ್ನು ಅಂಗಾತ ಹೊರಳಿಸಿ, ತೊಲೆಯನ್ನು ಎದೆಯ ಮೇಲೆ ಕೆಡವಿದ.

ಕೈಕೋಳ ತೊಡಿಸಿ ಅಂಗಳಕ್ಕೆ ತಂದಾಗ ಅವನು ತೊಲೆಯ ಮುಂದೆ ನಿಂತ.

"ಸಾಹೇಬ್ರ, ಇದನ್ನ ಸುಡಲಿಲ್ಲಂತ ಒಬ್ಬನ್ನ ಕೊಂದೆ. ಕೊಂದು, ಇದಕ್ಕ ಒರಲಿ ಹತ್ತೀತಂತ ಇಟ್ಟಂಗಿ ಕೊಟ್ಟೆ! ನೀವು ರಾಡ್ಯಾಗ ಕೆಡವಿದ್ರಿ, ಮತ್ತೂ ಕೊಟ್ಟೆ!"

ಮೊದಲು ಕಿಸಕ್ಕೆಂದವನು ಡ್ರೈವರ್. ಮಕ್ತುಮಸಾಬ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡ. ಅವರೆಲ್ಲರಿಗಿಂತ ಜೋರಾಗಿ, ಕೋಳ ಗಲಗಲ ಅಲುಗುವಂತೆ, ಕಣ್ಣೀರು ಒರೆಸಿಕೊಳ್ಳಲು ಕೈ ಸಾಲದೆ ಕಾಳಪ್ಪ ನಗುತ್ತಿದ್ದ.