ಕರೆಯುವ ಶಾಸ್ತ್ರ ಬಿಟ್ಟ ಭಾನುವಾರ

"ಬೇಕಾದ್ರೆ ನನ್ನನ್ನೇ ಆಟದಿಂದ ತೆಗೆದುಹಾಕು. ಕರೆಯೋದನ್ನ ಮಾತ್ರ ತೆಗೀಬೇಡ," ಎಂದ ಮುದುಕ ಲುಕೆನಿ.

ಹೊಸ ಮ್ಯಾನೇಜರ್ ನಕ್ಕ. "ಯಾಕಜ್ಜ, ತೆಗೆದ್ರೆ ನಿನ್ನ ಹೊಟ್ಟೆ ಉಬ್ಬರಿಸ್ತದಾ?"

"ಹೌದು," ಎಂದ ಲುಕೆನಿ. ಅವನು ನಗಲಿಲ್ಲ.

ಕಿನ್ಶಾಸಾದ ಮಸೀನಾ ಬಡಾವಣೆಯಲ್ಲಿ, ಚೆಂಡಾಟದ ಮೈದಾನದ ಮಾವಿನ ಮರದಡಿ ನಮ್ಮ ಕುಸ್ತಿ ಕಂಪನಿಯ ಕಣ. ಅಲ್ಲಿ ಎರಡು ಜಾತಿಯ ಪೈಲ್ವಾನರು. ತೋಳಿನವರು, ಮಂತ್ರದವರು. ಮಂತ್ರದವರಲ್ಲಿ ಲುಕೆನಿಗೆ ಸಮ ಯಾರೂ ಇರಲಿಲ್ಲ. ಕಣದಲ್ಲಿ ಅವನ ಹೆಸರು ಹೆಬ್ಬಾವು. ಎದುರಾಳಿಯ ಮುಖಕ್ಕೆ ಬೂದಿ ಊದುತ್ತಿದ್ದ. ಎದುರಾಳಿ ತೂರಾಡಿ ಬಿದ್ದರೆ ಕಿವಿಯ ಹತ್ತಿರ ಬಗ್ಗಿ, ಬಾಯಿ ಅಗಲಿಸಿ, ಸುರ್ ಎಂದು ಏನನ್ನೋ ಒಳಗೆ ಎಳೆದುಕೊಳ್ಳುತ್ತಿದ್ದ. ಅವನು ಎಳೆದುಕೊಳ್ಳುತ್ತಿದ್ದದ್ದು ಹೆಸರನ್ನು. ಆಮೇಲೆ ಬಿದ್ದವನ ಮನೆಯವರು ಯಾರಾದರೂ ಹಗ್ಗದ ಹತ್ತಿರ ಬಂದು, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಬೇಕು. ಹೆಬ್ಬಾವು ತೆರೆದ ಬಾಯಿ ಮುಚ್ಚುವುದರೊಳಗೆ ಕೂಗಬೇಕು. ಆಗ ಬಿದ್ದವನು ಎದ್ದು ಕೂರುತ್ತಿದ್ದ. ಇದೇ ಕರೆಯುವ ಶಾಸ್ತ್ರ.

ಪ್ರತಿ ಭಾನುವಾರ ಸೋಲುತ್ತಿದ್ದವನು ಮ್ಯಾನೇಜರನ ಒಡಹುಟ್ಟಿದ ತಮ್ಮ, ಎಮ್ಮೆಯಂಥ ಆಳು. ಅವರಮ್ಮ ನ್ದೋನಾ ಗೇಟಿನಲ್ಲಿ ಮಿಕಾತೆ ಕರಿದು ಮಾರುತ್ತಿದ್ದಳು. ಗುಂಡು ಗುಂಡಾಗಿ ಎಣ್ಣೆಯಲ್ಲಿ ಉಬ್ಬುವ ಆ ಸಿಹಿ ಬೋಂಡದ ಹೆಸರನ್ನೇ ಈ ಕಿರಿಯ ಮಗನಿಗೂ ಇಟ್ಟಿದ್ದಳು. ಕೈ ಒರೆಸಿಕೊಳ್ಳುತ್ತ ಬಂದು, "ಲೋ ಮಿಕಾತೇ, ಏಳೋ! ಊಟ ಆರಿಹೋಗ್ತದೆ!" ಎಂದು ಕೂಗಿದರೆ ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಗುತ್ತಿತ್ತು.

ಅದೇ ಅಣ್ಣನಿಗೆ ಸೇರಲಿಲ್ಲ. ಬ್ರಸೆಲ್ಸಿನ ನಾಟಕಶಾಲೆಗಳಲ್ಲಿ ವರ್ಷಗಟ್ಟಲೆ ದೀಪದ ಕೆಲಸ ಮಾಡಿ ಬಂದವನು ಅವನು. ಕೆಲಸ ಬಲ್ಲವನೇ, ಸುಳ್ಳೇಕೆ ಹೇಳಲಿ. ಕಣದ ಹಲಗೆಯ ಕೆಳಗೆ ಖಾಲಿ ಪೀಪಾಯಿ ಇಡಿಸಿದ. ಬಿದ್ದರೆ ಗುಡುಗಿದ ಹಾಗೆ ಕೇಳುತ್ತಿತ್ತು. ಜಂಭದ ಮಾತು ಕತ್ತರಿಸಿದ. ಕೆಂಪು ದೀಪ ಕಟ್ಟಿಸಿದ. ಪೋಸ್ಟರಿನ ಕೆಳಗೆ ತನ್ನ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿಸಿದ. ಕೊನೆಗೆ ಕರೆಯುವ ಶಾಸ್ತ್ರಕ್ಕೆ ಕೈ ಹಾಕಿದ.

"ಹೆದರಿ ಉಚ್ಚೆ ಹೊಯ್ಕೋಬೇಕಾದ ಜನ ನಗ್ತಾ ಮನೆಗೆ ಹೋಗ್ತಾರೆ. ಇದೆಂಥ ಆಟ?" ಎಂದ. "ಇನ್ಮೇಲೆ ಬಿದ್ದವನಿಗೆ ಶವಪೆಟ್ಟಿಗೆ. ಲುಕೆನಿ ಬೆನ್ನು ನೆಟ್ಟಗೆ ಮಾಡಿದ ಕೂಡ್ಲೇ ಬ್ಯಾಂಡು ಸಾವಿನ ಮಟ್ಟು ಬಾರಿಸ್ಬೇಕು. ನಡುವೆ ಒಂದು ಉಸಿರಿನಷ್ಟೂ ಸದ್ದಿಲ್ಲದೆ ಇರಬಾರ್ದು. ತಿಳೀತಾ?"

"ವಾದ್ಯ ಎದ್ರೆ ಹಾವು ಬಾಯಿ ಮುಚ್ತದೆ," ಎಂದ ಲುಕೆನಿ ಮೆಲ್ಲಗೆ. "ಒಳಗಿದ್ದದ್ದು ಒಳಗೇ ಉಳೀತದೆ."

"ಉಳೀಲಿ ಬಿಡು. ಜೀರ್ಣಕ್ಕೆ ಶುಂಠಿ ಕಷಾಯ ಕುಡಿ."

ಬ್ಯಾಂಡಿನವರೆಲ್ಲ ನಕ್ಕರು.

ಆ ಭಾನುವಾರ ಆಟ ಗೆದ್ದಿತು. ಪೆಟ್ಟಿಗೆಯ ಮುಚ್ಚಳ ಬಿದ್ದಾಗ ಹೆಂಗಸರು ಕಿರುಚಿದರು. ತುತ್ತೂರಿ ಅತ್ತಿತು. ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಬೀದಿ ಸುತ್ತುವಾಗ ಹಿಂದೆ ಸಾವಿರ ಜನ. ಮೈದಾನದ ಹಿಂದೆ ಇಳಿಸಿ ಮುಚ್ಚಳ ತೆಗೆದರೆ ತಮ್ಮ ಬೆವರು ಒರೆಸಿಕೊಂಡು ಎದ್ದು ಕೂತ.

ಮ್ಯಾನೇಜರ್ ಅವನ ಬೆನ್ನು ತಟ್ಟಿದ. "ಭೇಷ್, ಲೋ..."

ಮುಂದೆ ಏನೂ ಬರಲಿಲ್ಲ. ನಾಲಗೆ ಹೆಸರಿಗೆ ತಡಕಾಡಿತು. ಹಲ್ಲು ಕಿತ್ತ ಜಾಗವನ್ನು ತಡಕಿದ ಹಾಗೆ. ದಣಿದಿದ್ದೀನಿ ಅಂದುಕೊಂಡ.

ಮಾರನೆಯ ದಿನ ಗೇಟಿನಲ್ಲಿ ನ್ದೋನಾ ಎಣ್ಣೆ ಕಾಯಿಸುತ್ತ ಕೂತಿದ್ದಳು. ಬೆಳಗಿಂದ ಸಂಜೆವರೆಗೂ ಕೂಗಿ ಮಾರುವವಳ ಬಾಯಿಂದ ಒಂದು ಮಾತಿಲ್ಲ. ಜನ ಬಂದು ಬಾಣಲೆಗೆ ಬೆರಳು ತೋರಿಸಿ, "ಅದು... ಅದೇ ಕೊಡಮ್ಮ," ಅನ್ನುತ್ತಿದ್ದರು. ಅವಳು ಕರಿದ ಉಂಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಮಗಾ, ಇದಕ್ಕೇನಂತಾರೋ?"

ಮ್ಯಾನೇಜರ್ ಬಾಯಿ ತೆರೆದ. ಗೊತ್ತಿರಲಿಲ್ಲ. ಮಸೀನಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

ಅಷ್ಟರಲ್ಲಿ ತಮ್ಮ ಬಂದು ತಾಯಿಯ ಮುಂದೆ ನಿಂತ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಯಾರಪ್ಪ ನೀನು? ಯಾರ ಮಗ? ಹಸಿವಾಗಿದೆಯಾ?" ಎಂದು ಒಂದು ಉಂಡೆ ಕಾಗದದಲ್ಲಿ ಸುತ್ತಿ ಕೊಟ್ಟಳು. ಭಿಕ್ಷುಕರಿಗೆ ಕೊಟ್ಟ ಹಾಗೆ.

ಆ ದೊಡ್ಡ ಆಳು ಅಣ್ಣನ ಕಡೆ ತಿರುಗಿದ. "ಅಣ್ಣಾ, ನನ್ನ ಕರಿ. ಒಂದೇ ಒಂದ್ಸಲ ಕರಿಯೋ."

ಅಣ್ಣ ಅವನ ಭುಜ ಹಿಡಿದ. ಮುಖ ದಿಟ್ಟಿಸಿದ. ತಾನು ಎತ್ತಿ ಆಡಿಸಿದವನ ಮುಖ. ಒಳಗೆಲ್ಲ ಹುಡುಕಿದ. ಏನೂ ಇರಲಿಲ್ಲ.

ಅವನು ಓಡಿದ್ದು ಲುಕೆನಿಯ ಗುಡಿಸಲಿಗೆ. ಒಳಗೆ ಕತ್ತಲೆ. ಕರ್ಪೂರ, ಸತ್ತ ಮೀನು, ಒದ್ದೆ ಮಣ್ಣಿನ ವಾಸನೆ. ಮುದುಕ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಹೊಟ್ಟೆ ಮಡಕೆಯಂತೆ ಊದಿತ್ತು. ಚರ್ಮದ ಕೆಳಗೆ ಏನೋ ಮೆಲ್ಲಗೆ ಹೊರಳಿತು.

"ಕಿವಿ ಇಟ್ಟು ಕೇಳು," ಎಂದ ಲುಕೆನಿ.

ಮ್ಯಾನೇಜರ್ ಬಗ್ಗಿ ಕಿವಿ ಇಟ್ಟ. ಆಳದಲ್ಲಿ, ಬಾವಿಯ ತಳದಿಂದ ಬಂದಂತೆ, ಅಮ್ಮನ ದನಿ. ಯಾರನ್ನೋ ಕರೆಯುತ್ತಿತ್ತು. ಬಿಡದೆ ಕರೆಯುತ್ತಿತ್ತು. ಯಾರನ್ನು ಅಂತ ಕೇಳಿಸಲಿಲ್ಲ.

"ವಾಪಸು ಕೊಡು ಅಜ್ಜ."

"ತಳಕ್ಕೆ ಕೂತುಬಿಟ್ಟದೆ. ಅದೇ ರಕ್ತದ ಇನ್ನೊಂದು ಹೆಸರು ಒಳಗೆ ಹೋಗಿ ಅದನ್ನ ಮೇಲಕ್ಕೆ ತಳ್ಳಬೇಕು. ಕಣದಲ್ಲಿ. ಜನದ ಮುಂದೆ."

"ನಂದು ತಗೋ. ಆಮೇಲೆ ನಂದು?"

"ಹೊಸದಾಗಿ ಒಳಗೆ ಹೋದದ್ದು ಕರೆದ್ರೆ ಬರ್ತದೆ. ವಾರ ವಾರ ಬರ್ತಿತ್ತಲ್ಲ, ಹಾಗೆ. ಬಾಯಿ ಮುಚ್ಚೋದ್ರೊಳಗೆ ಕರೀಬೇಕು ಅಷ್ಟೆ."

ಮ್ಯಾನೇಜರಿಗೆ ಜೀವ ಬಂತು. ಇಷ್ಟೇ ತಾನೆ! ತಾಯಿಯ ಕೈ ಹಿಡಿದು ಹೇಳಿದ: "ಅಮ್ಮಾ, ಭಾನುವಾರ ಹಗ್ಗದ ಹತ್ತಿರ ನಿಂತಿರು. ಮೊದ್ಲು ನಾಲಗೆಗೆ ತಾನಾಗಿ ಒಂದು ಹೆಸರು ಬರ್ತದೆ, ಅದನ್ನ ಕೂಗು. ಆಮೇಲೆ ತಡಮಾಡ್ದೆ ನನ್ನ ಹೆಸರು ಕೂಗು. ಮರೀಬೇಡ."

"ಹೆತ್ತ ಮಗನ ಹೆಸರು ಮರೆಯೋ ತಾಯಿ ಇದ್ದಾಳೇನೋ, ಹುಚ್ಚಾ?" ಎಂದಳು ನ್ದೋನಾ. ಪಕ್ಕದಲ್ಲೇ ಕೂತಿದ್ದ ಕಿರಿಯ ಮಗ ತಲೆ ತಗ್ಗಿಸಿದ.

ಭಾನುವಾರ. ಮೈದಾನ ತುಂಬಿ ಮಾವಿನ ಕೊಂಬೆಗಳಲ್ಲೂ ಜನ. ಮುಸ್ಸಂಜೆ. ಇದ್ದಿಲ ಹೊಗೆ, ಬೆವರು, ತಾಳೆಯೆಣ್ಣೆ. ತಮ್ಮನನ್ನು ಪೆಟ್ಟಿಗೆಯೊಳಗೆ ಮಲಗಿಸಿ ಕಣದ ನಡುವೆ ಇಟ್ಟಿದ್ದರು. ಮ್ಯಾನೇಜರೇ ಅಂಗಿ ಬಿಚ್ಚಿ ಕಣಕ್ಕೆ ಇಳಿದದ್ದು ನೋಡಿ ಜನ ಸಿಳ್ಳೆ ಹಾಕಿದರು. "ಬ್ರಸೆಲ್ಸ್ ಕೋಳಿ ಬಂತ್ರೋ! ರೆಕ್ಕೆ ಕೀಳಜ್ಜ!"

ಲುಕೆನಿ ಬೂದಿ ಊದಿದ.

ಕರೆಂಟು ಹೋಯಿತು.

ಕತ್ತಲೆ. ಬೆನ್ನು ಹಲಗೆಗೆ ಅಪ್ಪಳಿಸಿತು. ಕೆಳಗೆ ಪೀಪಾಯಿ ಗುಡುಗಿತು. ಕಿವಿಗೆ ಬಿಸಿಯುಸಿರು. ಮೀನಿನ ನಾತ. ಸುರ್... ಎದೆಯಿಂದ ದಾರ ಎಳೆದಂತಾಯಿತು. ಎಳೆಯುತ್ತಲೇ ಇತ್ತು. ಕೊನೆಯ ಎಳೆ ಹೋಯಿತು. ಒಳಗೆ ಖಾಲಿ.

ಹೆಬ್ಬಾವಿನ ಬಾಯಿ ತೆರೆದೇ ಇತ್ತು.

"ಮಿಕಾತೇ!" ತಾಯಿಯ ದನಿ ಕತ್ತಲೆಯನ್ನು ಸೀಳಿತು. "ಲೋ ಮಿಕಾತೇ, ಏಳೋ ನನ್ನಪ್ಪಾ!"

ಕೆಂಪು ದೀಪ ಮತ್ತೆ ಹತ್ತಿತು. ಪೆಟ್ಟಿಗೆಯೊಳಗೆ ದೊಡ್ಡ ದೇಹ ಹೊರಳಿತು. ಎದ್ದು ಹೊರಬಂದು, "ಅಮ್ಮಾ," ಎಂದು ಅತ್ತಿತು. ಮೈದಾನವೆಲ್ಲ ನಕ್ಕಿತು. ಹಳೆಯ ನಗು. ಲುಕೆನಿಯ ಹೊಟ್ಟೆಯ ಭಾರ ಇಳಿದಿತ್ತು. ಊದಿ ಊದಿ ಬಾಗಿದ್ದ ಮುದುಕ ವಾರದಿಂದ ಮೊದಲ ಸಲ, ತನಗರಿವಿಲ್ಲದೆ, ಬೆನ್ನು ನೆಟ್ಟಗೆ ಮಾಡಿದ.

ನ್ದೋನಾ ಎರಡನೆಯ ಹೆಸರಿಗೆ ಉಸಿರು ಎಳೆದುಕೊಂಡಳು.

ಬಿದ್ದಲ್ಲಿಂದಲೇ ಮ್ಯಾನೇಜರಿಗೆ ನೆನಪಾಯಿತು. ಬ್ಯಾಂಡು. ಬ್ಯಾಂಡಿನವರಿಗೆ ಹೇಳಿರಲಿಲ್ಲ. ಬೇಡ, ಎಂದು ಕೂಗಬೇಕೆಂದುಕೊಂಡ. ಮೈ ಅಲ್ಲಾಡಲಿಲ್ಲ.

ತುತ್ತೂರಿ ಸಿಡಿಯಿತು. ಡೋಲು ಬಿತ್ತು. ಅವನು ಕಲಿಸಿದ ಹಾಗೇ. ಒಂದು ಉಸಿರಿನಷ್ಟೂ ತಡವಿಲ್ಲದೆ. ತಾಯಿಯ ಬಾಯಿ ಆಡಿದ್ದು ಕಂಡಿತು. ದನಿ ಕೇಳಿಸಲಿಲ್ಲ. ಹೆಬ್ಬಾವಿನ ಬಾಯಿ ಮುಚ್ಚಿತು. ನಾಲ್ಕು ಜನ ಬಂದರು. ಎತ್ತಿದರು. ಪೆಟ್ಟಿಗೆ. ಮುಚ್ಚಳ.

ಹಗ್ಗದ ಹತ್ತಿರ ನ್ದೋನಾ ಬಾಯಿ ತೆರೆದುಕೊಂಡೇ ನಿಂತಿದ್ದಳು. ಏನು ಹೇಳಲು ಬಂದೆ ಅಂತ ಯೋಚಿಸುವವಳಂತೆ. ಆಮೇಲೆ ಸೊಂಟಕ್ಕೆ ಸುತ್ತಿದ ಬಟ್ಟೆಗೆ ಕೈ ಒರೆಸಿಕೊಂಡು ಮಗನ ಕೈ ಹಿಡಿದಳು. "ನಡಿಯೋ ಮಿಕಾತೆ, ಊಟ ಆರಿಹೋಗ್ತದೆ."

ಮರುದಿನವೇ ಲುಕೆನಿ ಯಾರಿಗೂ ಹೇಳದೆ ದೋಣಿ ಹತ್ತಿ ನದಿಯ ಮೇಲಕ್ಕೆ ಹೋದ. ಮತ್ತೆ ಕಾಣಲಿಲ್ಲ. ಗೋಡೆಯ ಹಳೆಯ ಪೋಸ್ಟರಿನ ಕೆಳಗೆ, ದಪ್ಪಕ್ಷರಗಳಿದ್ದ ಕಡೆ, ಎಣ್ಣೆ ಹೀರಿದ ಹಾಗೆ ಒಂದು ಕಲೆ ಇದೆ.

ಬೇರೊಬ್ಬ ಮಂತ್ರದವನ ಕೈಯಲ್ಲಿ ಕರೆಯುವ ಶಾಸ್ತ್ರ ಮತ್ತೆ ಶುರುವಾಗಿದೆ. ಈಗ ಅದು ಮುಗಿಯುವವರೆಗೂ ಯಾರೂ ಪಿಟ್ಟೆನ್ನುವುದಿಲ್ಲ. ಕೆಂಪು ದೀಪದ ತಂತಿ ಎಳೆಯುವ ಮೌನದ ಆಳೊಬ್ಬ ಇದ್ದಾನೆ. ಬಲು ಅಚ್ಚುಕಟ್ಟಿನ ಕೆಲಸಗಾರ. ದಿನಾ ಸಂಜೆ ನ್ದೋನಾ ಎರಡು ಮಿಕಾತೆ ಕಾಗದದಲ್ಲಿ ಸುತ್ತಿ, "ಯಾರ ಹೊಟ್ಟೇಲಿ ಹುಟ್ಟಿದ್ದೋ ಪಾಪ," ಎಂದು ಅವನ ಕೈಗಿಡುತ್ತಾಳೆ. ಭಾನುವಾರ ಅವಳು ಮಗನನ್ನು ಕೂಗಿ ಎಬ್ಬಿಸಿದ ಮೇಲೆ ಅವನು ಹಗ್ಗದ ಹತ್ತಿರ ಬರುತ್ತಾನೆ. ಅವಳ ಬಾಯಿಯ ಕಡೆಗೆ ಕಿವಿ ಕೊಟ್ಟು ನಿಲ್ಲುತ್ತಾನೆ. ಜನ ಖಾಲಿಯಾಗುವವರೆಗೂ ನಿಲ್ಲುತ್ತಾನೆ.

ಅವನ ಹೆಸರೇನು ಅಂತ ನನ್ನ ಕೇಳಬೇಡಿ. ಗೊತ್ತಿದ್ದರೆ ನಾನೇ ಕೂಗುತ್ತಿದ್ದೆ.