ಟಕ್ ಎನ್ನದ ಡಬ್ಬಿ

ಲಾಳಿಗೆ ಹಾಕುವ ಐದನೇ ಕಂಡಿಕೆಗೆ ನೂಲು ಸುತ್ತುತ್ತಿದ್ದ ನವ್ಯಶ್ರೀಯ ಕೈ ರಾಟೆಯ ಮೇಲಿತ್ತು. ಕಣ್ಣು ಮಾತ್ರ ಮತ್ತೆ ಮತ್ತೆ ಗೋಡೆಯ ಡಬ್ಬಿಯ ಕಡೆಗೇ ಹೋಗುತ್ತಿತ್ತು.

ಟಿಫನ್ ಬಾಕ್ಸಿನಷ್ಟು ದೊಡ್ಡ ಡಬ್ಬಿ ಅದು. ಒಂದು ಹಸಿರು ದೀಪ, ಒಂದು ಕೆಂಪು ದೀಪ, ಒಂದು ಬಟನ್. ಪಕ್ಕದಲ್ಲಿ ಕಡಲೆಬೇಳೆಯಷ್ಟು ಚಿಕ್ಕ ಸ್ಕ್ರೂ.

ಹಸಿರು ದೀಪ ಉರಿಯುತ್ತಿತ್ತು. ನಿನ್ನೆ ಸಂಜೆಯಿಂದ ಅದು ಹಸಿರಾಗಿಯೇ ಇತ್ತು. ಅದೇ ಅವಳಿಗೆ ಹೆದರಿಕೆ.

ಅವರ ಮನೆಯ ಹಾಲಿನಲ್ಲಿ ಕರೆಂಟಿನ ಮಗ್ಗಗಳು ಮೂರಿದ್ದವು. ಅಪ್ಪ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಮಧ್ಯಾಹ್ನದ ಶಿಫ್ಟಿಗೆ ಹೋದ ಮೇಲೆ ಅಮ್ಮ ಶಶಿರೇಖಾ ಒಬ್ಬಳೇ ಮೂರನ್ನೂ ನೋಡಿಕೊಳ್ಳುತ್ತಿದ್ದಳು. ಮೂರನೇ ಮಗ್ಗದ ಪಕ್ಕದಲ್ಲೇ ಸೀರೆಯ ಜೋಲಿ. ಅದರೊಳಗೆ ಎಂಟು ತಿಂಗಳ ತಮ್ಮ ಮುರಳಿ. ಹೊಸಬರು ಬಂದರೆ ಮಗ್ಗಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮುರಳಿಗೆ ಅದೇ ಜೋಗುಳ. ಮಗ್ಗ ನಿಂತರೇ ಅವನಿಗೆ ಎಚ್ಚರವಾಗುತ್ತಿತ್ತು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಕ್ಕಳೆಲ್ಲ ಹಾಗೆಯೇ ಬೆಳೆದವರು.

ಮೂರನೇ ಮಗ್ಗದ ಮೋಟಾರಿಗೆ ಆ ಡಬ್ಬಿಯನ್ನು ಹಾಕಿಕೊಟ್ಟವನು ಕೆಂಪರಾಜ್ ಮಾವ, ಅಮ್ಮನ ತಮ್ಮ. ಅವನು ಎಲೆಕ್ಟ್ರಿಷಿಯನ್. ಮೋಟಾರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಡಬ್ಬಿ ಸದಾ ಗಮನಿಸುತ್ತಿರುತ್ತದೆ, ಮಿತಿ ಮೀರಿದರೆ ಒಳಗಿನ ರಿಲೇ ಟಕ್ ಎಂದು ಮೋಟಾರನ್ನು ನಿಲ್ಲಿಸುತ್ತದೆ ಎಂದು ಹೇಳಿದ್ದ. ಹಾಗೆ ಟ್ರಿಪ್ ಆದಾಗ ಸ್ವಲ್ಪ ಹೊತ್ತು ಕಾದು, ಸ್ಟೂಲ್ ಹತ್ತಿ ಬಟನ್ ಒತ್ತುವ ಕೆಲಸ ನವ್ಯಶ್ರೀಯದು. ಆ ಮಿತಿಯನ್ನು ಹೆಚ್ಚು ಕಡಿಮೆ ಮಾಡುವ ಸ್ಕ್ರೂವನ್ನು ಮಾತ್ರ ಯಾರೂ ಮುಟ್ಟಬಾರದು.

ಸಂಜೆ ಆರಾದರೆ ಬೀದಿಯ ಮಗ್ಗ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ ಓಡಿ ವೋಲ್ಟೇಜ್ ಇಳಿಯುತ್ತಿತ್ತು. ವೋಲ್ಟೇಜ್ ಇಳಿದರೆ ಮೋಟಾರು ಇನ್ನೂ ಹೆಚ್ಚು ಕರೆಂಟು ಎಳೆಯುತ್ತಿತ್ತು. ಟಕ್. ಹಿಂದೆಯೇ ಮುರಳಿಯ ಅಳು. ಮೊನ್ನೆ ಆರು ಸಲ ಹೀಗಾಯಿತು. ಆರನೇ ಸಲ ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಈ ಡಬ್ಬಿ ಇಲ್ದೇ ಇದ್ದಾಗ್ಲೇ ನೆಮ್ಮದಿಯಾಗಿದ್ವಿ" ಅಂದಳು. ಅವಳ ಕಣ್ಣು ಕೆಂಪಾಗಿತ್ತು.

ನವ್ಯಶ್ರೀ ಅದನ್ನು ಸ್ಕೂಲಿನಲ್ಲಿ ವಿಜಯ್‌ಗೆ ಹೇಳಿದಳು. ಅವನ ಮನೆಯಲ್ಲೂ ಅಂಥದೇ ಡಬ್ಬಿಯಿತ್ತು.

"ಆ ಸ್ಕ್ರೂನ ಬಲಗಡೆಗೆ ಪೂರ್ತಿ ತಿರುಗಿಸ್ಬಿಡೇ. ಆಮೇಲೆ ಟ್ರಿಪ್ಪೇ ಆಗಲ್ಲ" ಎಂದ ವಿಜಯ್. "ನಮ್ಮ ಬೀದೀಲಿ ಎಲ್ರೂ ಹಂಗೇ ಮಾಡಿರೋದು. ನೀನೊಬ್ಳು ಪುಕ್ಕಲಿ."

ನಿನ್ನೆ ಅಮ್ಮ ನೀರು ಹಿಡಿಯಲು ಹೋದಾಗ ನವ್ಯಶ್ರೀ ಸ್ಟೂಲ್ ಹತ್ತಿದಳು. ಪ್ಲಾಸ್ಟಿಕ್ ಸ್ಕೇಲಿನ ಮೂಲೆಯಿಂದ ಸ್ಕ್ರೂ ತಿರುಗಿಸಿದಳು. ಇಳಿಯುವಾಗ ಗೋಡೆಯ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಬೇಗ ಬೇರೆ ಕಡೆ ತಿರುಗಿದಳು.

ಮತ್ತೆ ಡಬ್ಬಿ ಟಕ್ ಎನ್ನಲಿಲ್ಲ. ಮುರಳಿ ಅಲುಗದೆ ಮಲಗಿದ. ಊಟಕ್ಕೆ ಕೂತಾಗ ಅಮ್ಮ, ಇವತ್ತು ಕರೆಂಟು ಚೆನ್ನಾಗಿ ಕೊಟ್ಟಿದ್ದಾರೆ ಎಂದು ಖುಷಿಪಟ್ಟಳು. ನವ್ಯಶ್ರೀ ತಟ್ಟೆಯಿಂದ ತಲೆ ಎತ್ತದೆ ಮುದ್ದೆ ಮುರಿದಳು.

ಈಗ ಮತ್ತೆ ಆರು ಗಂಟೆ. ಬಲ್ಬು ಮಂಕಾಯಿತು. ಮೂರನೇ ಮೋಟಾರಿನ ಸದ್ದು ಭಾರ ಹೊತ್ತವರು ನರಳಿದಂತೆ ದಪ್ಪಗಾಯಿತು.

ಏನೋ ವಾಸನೆ. ಪೇಂಟನ್ನು ಒಲೆಗೆ ಹಿಡಿದಂಥ ವಾಸನೆ.

ಅಮ್ಮ ಮೊದಲನೇ ಮಗ್ಗದಲ್ಲಿ ಬಗ್ಗಿ ಎಳೆ ಕಟ್ಟುತ್ತಿದ್ದಳು. ಎರಡು ದಿನದಿಂದ ಅವಳಿಗೆ ನೆಗಡಿ. ಮೂಗು ಕಟ್ಟಿತ್ತು. ನವ್ಯಶ್ರೀ ರಾಟೆ ಬಿಟ್ಟು ಎದ್ದು, ಮೋಟಾರಿನ ಹತ್ತಿರ ಕೈ ಒಯ್ದಳು. ಮುಟ್ಟುವ ಮೊದಲೇ ಕಾವು ಬೆರಳಿಗೆ ತಗುಲಿತು. ಮೋಟಾರಿನ ಕೆಳಗೆಲ್ಲ ನೂಲಿನ ಹಿಂಜು, ಹತ್ತಿಯಂತೆ ಮೆತ್ತಗೆ ಬಿದ್ದಿತ್ತು.

ಹೇಳಿದರೆ ಸ್ಕ್ರೂ ವಿಷಯ ಗೊತ್ತಾಗುತ್ತದೆ. ಸ್ಟೂಲ್ ಹತ್ತಿ ತಿರುಗಿಸಿ ಮೊದಲಿನ ಹಾಗೆ ಮಾಡಿಬಿಟ್ಟರೆ? ಮೊದಲು ಎಲ್ಲಿತ್ತು ಎಂದೇ ನೆನಪಿರಲಿಲ್ಲ.

ಅಷ್ಟರಲ್ಲಿ ಮೋಟಾರಿನ ಸಂದಿಯಿಂದ ಹೊಗೆಯ ಎಳೆಯೊಂದು ಎದ್ದಿತು. ಬಿಳಿ ನೂಲಿನಷ್ಟೇ ತೆಳು. ಅದು ಜೋಲಿಯ ಕಡೆಗೆ ಬಾಗಿತು. ಜೋಲಿಯಿಂದ ಮುರಳಿಯ ಒಂದು ಪುಟ್ಟ ಪಾದ ಹೊರಗೆ ಬಂದಿತ್ತು.

ನವ್ಯಶ್ರೀ ಓಡಿದಳು. ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಎರಡೂ ಕೈಯಲ್ಲಿ ಕೆಳಕ್ಕೆ ಎಳೆದಳು.

ಮೂರು ಮಗ್ಗವೂ ನಿಂತವು. ಮನೆ ಕತ್ತಲಾಯಿತು. ಮುರಳಿ ಚೀರಿ ಅಳತೊಡಗಿದ.

"ಅಮ್ಮಾ, ಹೊಗೆ. ನಾನೇ ಆ ಸ್ಕ್ರೂನ ತಿರುಗಿಸಿದ್ದು."

ಅಮ್ಮ ಮೊದಲು ಮಗುವನ್ನು ಎತ್ತಿಕೊಂಡಳು, ಆಮೇಲೆ ನವ್ಯಶ್ರೀಯ ತೋಳು ಹಿಡಿದು ಇಬ್ಬರನ್ನೂ ಜಗಲಿಗೆ ತಂದಳು.

ಫೋನ್ ಮಾಡಿದ ಅರ್ಧ ಗಂಟೆಗೆ ಕೆಂಪರಾಜ್ ಮಾವ ಗಾಡಿಯಲ್ಲಿ ಬಂದ. ಟಾರ್ಚ್ ಹಿಡಿದು ಮೋಟಾರು ಬಿಚ್ಚಿದ. ಒಳಗಿನ ತಂತಿ ಸುರುಳಿ ಒಂದು ಕಡೆ ಕಪ್ಪಾಗಿತ್ತು.

"ಇನ್ನೊಂದು ಹತ್ತು ನಿಮಿಷ ಓಡಿದ್ರೆ ಈ ಹಿಂಜಿಗೆ ಹತ್ಕೊಳ್ತಿತ್ತು ಅಕ್ಕಾ" ಎಂದು ಮೆಲ್ಲಗೆ ಹೇಳಿದ.

ಆಮೇಲೆ ಡಬ್ಬಿಯ ಸ್ಕ್ರೂವನ್ನು ತಾನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗಕ್ಕೆ ತಂದ. ನವ್ಯಶ್ರೀ ಬೈಗುಳಕ್ಕೆ ಕಾಯುತ್ತಿದ್ದಳು. ಮಾವ ಅವಳ ಕಡೆ ತಿರುಗಲೇ ಇಲ್ಲ. ಅಕ್ಕನ ಕಡೆ ತಿರುಗಿದ.

"ಆ ಲೆಟರ್ ಕಳಿಸ್ದ್ಯಾ?"

ಅಮ್ಮ ನೆಲ ನೋಡಿದಳು. ಲೆಟರ್ ಎಲ್ಲಿದೆ ಎಂದು ನವ್ಯಶ್ರೀಗೆ ಗೊತ್ತಿತ್ತು. ಯುಗಾದಿಯಿಂದಲೂ ಅದು ಕ್ಯಾಲೆಂಡರಿನ ಹಿಂದೆಯೇ ಇತ್ತು. ಕರೆಂಟ್ ಆಫೀಸಿಗೆ ಅಮ್ಮ ಬರೆದದ್ದು. ಎರಡು ಮಗ್ಗಕ್ಕಾಗುವಷ್ಟು ಕರೆಂಟಿಗೆ ಮಾತ್ರ ಲೋಡ್ ಬರೆಸಿದ್ದೆವು, ಈಗ ಮೂರಿವೆ, ಲೋಡ್ ಹೆಚ್ಚಿಸಿಕೊಡಿ, ಸಂಜೆ ಬೀದಿಗೆಲ್ಲ ವೋಲ್ಟೇಜ್ ಸಾಲುತ್ತಿಲ್ಲ ಎಂದು ಅದರಲ್ಲಿತ್ತು.

"ಕಳಿಸಿದ್ರೆ ಬಂದು ನೋಡ್ತಾರೆ ಕಣೋ" ಎಂದಳು ಅಮ್ಮ. "ಮೂರನೇದನ್ನ ನಿಲ್ಸಿ ಅಂದ್ರೆ ಏನ್ಮಾಡ್ಲಿ? ಇವತ್ತು ಕಳಿಸೋಣ, ನಾಳೆ ಕಳಿಸೋಣ ಅಂತ..."

ನವ್ಯಶ್ರೀ ಅಮ್ಮನ ಮುಖವನ್ನೇ ನೋಡಿದಳು. ಆ ಮುಖವನ್ನು ಅವಳು ಎಲ್ಲೋ ನೋಡಿದ್ದಳು. ನಿನ್ನೆ, ಸ್ಟೂಲಿನಿಂದ ಇಳಿಯುವಾಗ, ಗೋಡೆಯ ಕನ್ನಡಿಯಲ್ಲಿ.

ಅವಳು ಹೋಗಿ ಅಮ್ಮನ ಪಕ್ಕ ಒತ್ತಿಕೊಂಡು ಕುಳಿತಳು.

ಮಾರನೇ ದಿನ ಬೆಳಿಗ್ಗೆ ಅಮ್ಮ ಕ್ಯಾಲೆಂಡರಿನ ಹಿಂದಿನಿಂದ ಲೆಟರ್ ತೆಗೆದು ದೂಳು ಕೊಡವಿದಳು. ಕೆಳಗೆ ಒಂದು ಸಾಲು ಸೇರಿಸಿದಳು: ನೀವು ಬಂದು ನೋಡುವವರೆಗೆ ಮೂರನೇ ಮಗ್ಗವನ್ನು ನಿಲ್ಲಿಸಿದ್ದೇವೆ. ಕವರ್ ಅಂಟಿಸಿ, ಮುರಳಿಯನ್ನು ಸೊಂಟಕ್ಕೆ ಏರಿಸಿಕೊಂಡು, ನವ್ಯಶ್ರೀಯ ಜೊತೆ ಸ್ಕೂಲಿನ ದಾರಿ ಹಿಡಿದಳು.

ಮೂಲೆಯ ಕೆಂಪು ಪೋಸ್ಟ್ ಡಬ್ಬದ ಮುಂದೆ ಅಮ್ಮ ನಿಂತಳು. ಕವರನ್ನು ಡಬ್ಬದ ಬಾಯಿಗೆ ಇಟ್ಟಳು. ಆದರೆ ಕೈ ಬಿಡಲಿಲ್ಲ.

ನವ್ಯಶ್ರೀ ತುದಿಗಾಲಲ್ಲಿ ನಿಂತು ಕವರಿನ ಇನ್ನೊಂದು ಮೂಲೆ ಹಿಡಿದಳು. ಇಬ್ಬರೂ ಒಟ್ಟಿಗೆ ಬಿಟ್ಟರು.

ಒಳಗೆ ಟಕ್ ಎಂದಿತು. ಮುರಳಿ ಬೆಚ್ಚಿ ಅಕ್ಕನನ್ನು ನೋಡಿದ. ನವ್ಯಶ್ರೀ ಬೆಚ್ಚಲಿಲ್ಲ.