ತಿರುಚಿದ ರೆಕ್ಕೆ

ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಎರಡು ನೀಲಕಂಠಗಳು ಸತ್ತು ಬಿದ್ದಿದ್ದವು. ಪಕ್ಕದಲ್ಲಿ ಕೀಟನಾಶಕದ ಬಾಟಲಿ. ಮುಚ್ಚಳ ಇರಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ. ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕೆರೆ ಏರಿಯ ಕೆಳಗೆ. ಉಪ ವಲಯ ಅರಣ್ಯಾಧಿಕಾರಿ ಶಿರೀಷಾ ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಅರ್ಧ ಕಾಫಿ ಬಿಟ್ಟು ಬರುವಷ್ಟರಲ್ಲಿ ಅಲ್ಲಿ ತೀರ್ಪು ಆಗಿಹೋಗಿತ್ತು.

"ನೋಡಿ ಮೇಡಂ, ನಮ್ಮ ರಾಜ್ಯದ ಹಕ್ಕಿ. ವಿಷ ಹಾಕಿ ಸಾಯಿಸವ್ನೆ. ಇವನೂ ಒಬ್ಬ ರೈತ!"

ಹೇಳಿದವನು ಮುರಳಿಮೋಹನ್. ಚಿಕ್ಕಬಳ್ಳಾಪುರದ ಹೆಸರಾಂತ ಹಕ್ಕಿ ಛಾಯಾಗ್ರಾಹಕ. ಹೆಗಲ ಮೇಲೆ ಫಿರಂಗಿಯಂಥ ಬಿಳಿ ಲೆನ್ಸು. ಸತ್ತ ಹಕ್ಕಿಗಳನ್ನು ಮೊದಲು ನೋಡಿದವನೂ ಅವನೇ, ವಿಡಿಯೊ ಮಾಡಿ ಹರಿಬಿಟ್ಟವನೂ ಅವನೇ. ಅಷ್ಟರಲ್ಲಾಗಲೇ ನಲವತ್ತು ಸಾವಿರ ಜನ ಆ ವಿಡಿಯೊ ನೋಡಿ, ತೋಟದ ಮಾಲೀಕ ಬಯ್ಯಪ್ಪನಿಗೆ ಬಾಯಿಗೆ ಬಂದಂತೆ ಬೈದಾಗಿತ್ತು.

ಬಯ್ಯಪ್ಪ ತಲೆ ತಗ್ಗಿಸಿ ನಿಂತಿದ್ದ. ಕೈಯಲ್ಲಿ ಇನ್ನೂ ಸೊಪ್ಪು ಕೊಯ್ಯುವ ಕುಡುಗೋಲು.

"ನಾನು ಔಷ್ದಿ ಹೊಡ್ದಿಲ್ಲ ಸಾರ್. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದವೆ, ಕೊನೇ ಪೊರೆ ಬಿಟ್ಟವೆ. ಭಾನುವಾರ ಇಲ್ಲಿ ಈ ಸಾಹೇಬ್ರು..."

"ಕಥೆ ಆಮೇಲೆ ಹೇಳೀವಂತೆ. ಜೀಪ್ ಹತ್ತು," ಎಂದರು ವಲಯ ಅರಣ್ಯಾಧಿಕಾರಿ ಗಂಗರಾಜು. ವಿಡಿಯೊ ಮೇಲಿನವರೆಗೂ ಹೋಗಿತ್ತು. ಮೇಲಿನಿಂದ ಮೂರು ಸಲ ಫೋನೂ ಬಂದಿತ್ತು. "ನಾಳೆ ಬೆಳಿಗ್ಗೆ ಕೋರ್ಟು. ಅಲ್ಲಿ ಹೇಳು."

ಬಯ್ಯಪ್ಪನ ಹೆಂಡತಿ ಮುನಿಶಾಮಮ್ಮ ಹುಳುಮನೆ ಬಾಗಿಲಿಂದ ಓಡಿ ಬಂದಳು. "ಇವ್ರಿಲ್ದೆ ಸೊಪ್ಪು ಯಾರು ಕೊಯ್ತಾರೆ ಸ್ವಾಮಿ? ನಾಲ್ಕು ದಿನಕ್ಕೆ ಗೂಡು ಕಟ್ತವೆ. ಒಂದು ದಿನ ಹಸಿದ್ರೂ ಬೆಳೆ ಹೋಯ್ತದೆ!"

ಜೀಪು ಹೊರಟುಹೋಯಿತು.

ಶಿರೀಷಾ ಕುತ್ತಿಗೆಯಲ್ಲಿ ತೂಗುತ್ತಿದ್ದ ತನ್ನ ಪುಟ್ಟ ಕ್ಯಾಮೆರಾ ತೆಗೆದು ಸ್ಥಳದ ಚಿತ್ರ ತೆಗೆಯತೊಡಗಿದಳು. ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಮಾದರಿ, ಸೆಕೆಂಡ್ ಹ್ಯಾಂಡ್. ಆಫೀಸಿನಲ್ಲಿ ಅದಕ್ಕೆ ಟಿಫನ್ ಬಾಕ್ಸ್ ಎಂದೇ ಹೆಸರು.

ಮುರಳಿಮೋಹನ್ ನಕ್ಕ. "ಬೇಜಾರು ಮಾಡ್ಕೊಬೇಡಿ ಮೇಡಂ. ಇದರಲ್ಲಿ ಚಿತ್ರ ಹಿಡಿಯೋ ಸೆನ್ಸರ್ರು ನನ್ನದರ ಅರ್ಧಕ್ಕಿಂತ ಕಮ್ಮಿ. ಇದರಲ್ಲಿ ಹಕ್ಕಿ ಫೋಟೊ ಅಂದ್ರೆ ಬರೀ ಅಂದಾಜು."

ಅವಳು ಇನ್ನೊಂದು ಕೋನಕ್ಕೆ ಕ್ಯಾಮೆರಾ ತಿರುಗಿಸಿದಳು. ಚಿಕ್ಕ ಸೆನ್ಸರಿನಿಂದಲೇ ದೂರದ ಹಕ್ಕಿ ಚೌಕಟ್ಟಿನಲ್ಲಿ ಹತ್ತಿರ ಕಾಣುತ್ತದೆ, ಇಡೀ ದಿನ ಹೊತ್ತರೂ ಕುತ್ತಿಗೆ ನೋಯುವುದಿಲ್ಲ ಎಂದು ಇವನಿಗೆ ಹೇಳಿ ಏನಾಗಬೇಕು? ಬದುವಿನ ಹಸಿಮಣ್ಣಿನಲ್ಲಿ ಕೋಲು ನೆಟ್ಟು ಕಿತ್ತ ತೂತೊಂದು ಕಂಡಿತು. ಅದರದ್ದೂ ಒಂದು ಚಿತ್ರ ತೆಗೆದಳು.

* * *

ಹುಳು ಸಾಕುವವನು ಹುಳುಮನೆಗೆ ಹೋಗುವ ಮುನ್ನ ಕೈ ತೊಳೆಯುತ್ತಾನೆ. ಬೀಡಿ ಸೇದಿದ್ದರೆ ಒಳಗೆ ಕಾಲಿಡುವುದಿಲ್ಲ. ಸೊಪ್ಪಿಗೆ ಔಷಧಿಯ ಗಾಳಿ ಸೋಕಿದರೂ ತಟ್ಟೆಗಟ್ಟಲೆ ಹುಳು ಸಾಯುತ್ತವೆ. ಅಂಥವನು ಹುಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ, ತಾನು ಕೊಯ್ಯುವ ಸೊಪ್ಪಿನ ಬುಡದಲ್ಲೇ ವಿಷದ ಬಾಟಲಿ ತೆರೆದಿಡುತ್ತಾನೆಯೇ? ಶಿಡ್ಲಘಟ್ಟದಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಆ ನಲವತ್ತು ಸಾವಿರ ಜನರಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ಶಿರೀಷಾಳಿಗೆ ಮೈ ಉರಿಯಿತು.

ಹಾಗಾದರೆ ಬಾಟಲಿ ಯಾರದು?

ಪಕ್ಕದಲ್ಲೇ ಅಂಬರೀಶನ ಟೊಮೆಟೊ ಹೊಲ. ಬದುವಿನ ವಿಚಾರಕ್ಕೆ ಅವನಿಗೂ ಬಯ್ಯಪ್ಪನಿಗೂ ಎರಡು ವರ್ಷದಿಂದ ಮಾತಿಲ್ಲ.

"ಬಾಟ್ಲು ನಂದೇ ಮೇಡಂ," ಅಂದ ಅಂಬರೀಶ, ಕೇಳುವ ಮೊದಲೇ. "ಖಾಲಿ ಬಾಟ್ಲು. ಬೇಲಿ ಗೂಟಕ್ಕೆ ಸಿಗಿಸಿದ್ದೆ. ನಿನ್ನೆ ಸಾಯಂಕಾಲ ಇತ್ತು, ಬೆಳಿಗ್ಗೆ ಇಲ್ಲ. ಬಯ್ಯಪ್ಪಂಗೂ ನಂಗೂ ಆಗಲ್ಲ, ನಿಜ. ಆದ್ರೆ ಅವನ ಹುಳದ ಹೊಟ್ಟೆ ಮೇಲೆ ಹೊಡೆಯೋನು ನಾನಲ್ಲಪ್ಪ."

"ಬೇರೆ ಏನಾದ್ರೂ ಕಳುವಾಗಿದೆಯಾ?"

"ಒಂದು ಟೊಮೆಟೊ ಕೋಲು ಹೋಗೈತೆ. ಹೋದ ವಾರ. ಅದೂ ಒಂದು ಕಳ್ಳತನ ಅಂತ ಕಂಪ್ಲೇಂಟ್ ಕೊಡ್ಲಾ?"

ಶಿರೀಷಾ ಸಾಲುಗಳನ್ನು ನೋಡಿದಳು. ಕೋಲುಗಳಿಗೆಲ್ಲ ಗಿಡ ಕಟ್ಟಿದ್ದು ಹಗ್ಗದಿಂದಲ್ಲ, ಹರಿದ ಸೀರೆಯ ನೇರಳೆ ಬಣ್ಣದ ಚಿಂದಿಯಿಂದ.

"ನಮ್ಮತ್ತೆ ಸೀರೆ," ಅಂದ ಅಂಬರೀಶ. "ಅವ್ರಿಗೆ ಹೇಳ್ಬೇಡಿ, ಇನ್ನೂ ಹುಡುಕ್ತಾ ಅವ್ರೆ."

* * *

ಮಧ್ಯಾಹ್ನ ಪಶುವೈದ್ಯೆ ಯಾಮಿನಿಯ ಫೋನು ಬಂತು.

"ಪೂರ್ತಿ ರಿಪೋರ್ಟಿಗೆ ಒಂದು ವಾರ ಬೇಕು ಶಿರೀಷಾ. ಆದ್ರೆ ಇದು ವಿಷ ಅಂತ ನಂಗನ್ನಿಸ್ತಿಲ್ಲ. ಎರಡೂ ಹಕ್ಕಿ ಗಂಟಲಲ್ಲಿ ನೈಲಾನ್ ದಾರ ಇದೆ. ಮೀನಿನ ಗಾಳಕ್ಕೆ ಕಟ್ತಾರಲ್ಲ, ಅದು. ಹೊಟ್ಟೆವರೆಗೂ ಹೋಗಿ ಒಳಗೆಲ್ಲ ಹರಿದಿದೆ. ದಾರದ ತುದೀಲಿ ಯಾವುದೋ ಹುಳ ಕಟ್ಟಿದೆ."

ಶಿರೀಷಾ ಊಟಕ್ಕೆ ಮನೆಗೆ ಬಂದಿದ್ದಳು. ಹುಳದ ಆಸೆ ತೋರಿಸಿ ಹಕ್ಕಿ ಕರೆಯುವುದು ಕೆಲವು ಛಾಯಾಗ್ರಾಹಕರ ಚಾಳಿ. ತಟ್ಟೆ ಮುಂದೆ ಕುಳಿತು ಮೊಬೈಲಿನಲ್ಲಿ ಮುರಳಿಮೋಹನನ ಚಿತ್ರಗಳ ಪುಟ ತೆರೆದಳು. ಸೋಮವಾರ ಅವನೊಂದು ನೀಲಕಂಠದ ಚಿತ್ರ ಹಾಕಿದ್ದ. ಕೋಲಿನ ಮೇಲೆ ರೆಕ್ಕೆ ಬಿಚ್ಚಿ ನಿಂತ ಹಕ್ಕಿ. ಮೈಯೆಲ್ಲ ನೀಲಿಯ ಬೆಂಕಿ. ಕೊಕ್ಕಿನಲ್ಲಿ ಒಂದು ಹುಳು. "ಗೌರಿಬಿದನೂರಿನ ಕೆರೆ, ಕಳೆದ ತಿಂಗಳು. ಅಪ್ಪಟ ಸಹಜ ಕ್ಷಣ," ಎಂದು ಬರೆದಿದ್ದ.

ತಾಯಿ ಕದಿರಮ್ಮ ಸಾರು ಬಡಿಸುತ್ತಾ ಬಗ್ಗಿ ನೋಡಿದಳು. ಇಪ್ಪತ್ತೆರಡು ವರ್ಷ ಬಿಸಿನೀರಿನ ಬೇಸಿನ್ ಮುಂದೆ ಕೂತು ರೇಷ್ಮೆ ನೂಲು ತೆಗೆದವಳು. ಅವಳ ಬೆರಳ ತುದಿಗಳಿಗೆ ಇಂದಿಗೂ ಬಿಸಿ ತಟ್ಟುವುದಿಲ್ಲ.

"ಇದೇನೇ, ಇದರ ಬಾಯಲ್ಲಿ ನಮ್ಮ ಬೇಸಿನ್ ಹುಳ?"

"ಏನಮ್ಮಾ?"

"ಗೂಡಿನೊಳಗಿನ ಹುಳ ಕಣೇ. ಬೆಂದಿರೋದು. ನೂಲೆಲ್ಲ ಬಿಚ್ಚಿದ್ಮೇಲೆ ತಳದಲ್ಲಿ ಉಳಿಯುತ್ತಲ್ಲ, ಮೀನಿನ ಮೇವಿಗೆ ಮಾರ್ತಾರೆ. ಇದಕ್ಕೆಲ್ಲಿ ಸಿಕ್ತು? ಹಕ್ಕಿಯೇನು ಗೂಡು ಬೇಯಿಸಿ ನೂಲು ತೆಗೀತದಾ?"

ಶಿರೀಷಾಳ ತುತ್ತು ಕೈಯಲ್ಲೇ ಉಳಿಯಿತು. ಆ ಹಕ್ಕಿಯ ಬಿಚ್ಚಿದ ರೆಕ್ಕೆಯನ್ನು ಅವಳು ಮೊದಲೇ ನೋಡಿದ್ದಳು.

ಕೈ ತೊಳೆದು ಕ್ಯಾಮೆರಾ ತಂದಳು. ಭಾನುವಾರ ಬೆಳಿಗ್ಗೆ ಅದೇ ಕೆರೆ ಏರಿಯ ಮೇಲಿನಿಂದ, ಬಲು ದೂರದಿಂದ, ಈ ಜೋಡಿಯಲ್ಲೊಂದರ ಚಿತ್ರ ತೆಗೆದಿದ್ದಳು. ಒಂದೇ ಸಮನೆ ಹದಿನಾಲ್ಕು ಚಿತ್ರ. ಎಲ್ಲದರಲ್ಲೂ ಎಡ ರೆಕ್ಕೆ ತಿರುಚಿಕೊಂಡಿತ್ತು. ಅವತ್ತು ಕ್ಯಾಮೆರಾಕ್ಕೆ ಚೆನ್ನಾಗಿ ಬೈದಿದ್ದಳು. ಈ ಪುಟ್ಟ ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಹಾಕಿದರೆ ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದುತ್ತದೆ. ಅಷ್ಟರಲ್ಲಿ ರೆಕ್ಕೆ ಬಡಿದುಬಿಟ್ಟರೆ ಚಿತ್ರದಲ್ಲಿ ಸೊಟ್ಟಗೆ ಬರುತ್ತದೆ. ಹಾಗೇ ಆಗಿದೆ ಎಂದುಕೊಂಡು ಎಲ್ಲವನ್ನೂ ಅಳಿಸಬೇಕೆಂದಿದ್ದಳು. ಮಗಳ ಯೂನಿಫಾರಂ ಇಸ್ತ್ರಿ, ಸೋಮವಾರದ ಟೆಸ್ಟು, ಅದೂ ಇದೂ. ಮರೆತಿತ್ತು.

ಈಗ ಚಿತ್ರದ ವಿವರ ತೆರೆದಳು. ಸದ್ದಿಲ್ಲದ ಶಟರ್ ಅಲ್ಲ. ಅವತ್ತು ಹಾಕಿದ್ದು ಕ್ಲಿಕ್ ಎಂದು ಸದ್ದು ಮಾಡುವ ಮಾಮೂಲಿ ಪರದೆಯ ಶಟರ್. ಅದರಲ್ಲಿ ರೆಕ್ಕೆ ಸೊಟ್ಟಗೆ ಬರುವುದಿಲ್ಲ.

ಕ್ಯಾಮೆರಾ ಕೆಟ್ಟಿರಲಿಲ್ಲ. ರೆಕ್ಕೆ ನಿಜವಾಗಿಯೂ ತಿರುಚಿತ್ತು.

ಚಿತ್ರ ಹಿಗ್ಗಿಸಿದಳು. ಕಾಳುಕಾಳಾಗಿತ್ತು. ಆದರೂ ಒಂಬತ್ತನೆಯದರಲ್ಲಿ, ಕೊಕ್ಕಿನಿಂದ ಕೋಲಿನವರೆಗೆ, ಬಿಸಿಲಿಗೆ ಹೊಳೆಯುವ ಕೂದಲೆಳೆಯಂಥ ಗೆರೆಯೊಂದು ಕಂಡಿತು.

* * *

ನಾಲ್ಕು ಗಂಟೆಗೆ ಮುರಳಿಮೋಹನ್ ಹೇಳಿಕೆಗೆ ಸಹಿ ಹಾಕಲು ಕಚೇರಿಗೆ ಬಂದ. ಅವನಿಗೆ ಕುರ್ಚಿ, ಕಾಫಿ. ಬಯ್ಯಪ್ಪ ಮೂಲೆಯಲ್ಲಿ ಬೆಳಿಗ್ಗೆಯಿಂದ ನಿಂತೇ ಇದ್ದ.

"ಸಹಿಗೆ ಮುಂಚೆ ಒಂದು ಪ್ರಶ್ನೆ," ಅಂದಳು ಶಿರೀಷಾ. "ಬಯ್ಯಪ್ಪನ ತೋಟಕ್ಕೆ ಮೊದಲು ಯಾವತ್ತಾದ್ರೂ ಬಂದಿದ್ರಾ?"

"ಇಲ್ಲ. ಇವತ್ತೇ ಮೊದಲು. ದಾರೀಲಿ ಹೋಗ್ತಾ ನೋಡ್ದೆ."

"ಸೋಮವಾರ ಹಾಕಿದ ನೀಲಕಂಠ?"

"ಗೌರಿಬಿದನೂರು. ಅಲ್ಲೇ ಬರ್ದಿದೀನಲ್ಲ."

ಅವಳು ಅವನ ಚಿತ್ರವನ್ನೂ ತನ್ನದನ್ನೂ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟಳು.

"ಗಂಗರಾಜು ಸಾರ್, ಹತ್ತಿರ ಬನ್ನಿ. ಇದು ಇವ್ರದ್ದು. ಇದು ನಂದು, ಭಾನುವಾರ ಬಯ್ಯಪ್ಪನ ಬದುವಲ್ಲಿ. ಎರಡರಲ್ಲೂ ಎಡ ರೆಕ್ಕೇಲಿ ಮೂರನೇ ಗರಿ ಇಲ್ಲ. ಎರಡರಲ್ಲೂ ರೆಕ್ಕೆ ಒಂದೇ ಥರ ತಿರುಚಿದೆ. ಕೋಲಿನ ತುದೀಲಿ ಏನಿದೆ?"

ಗಂಗರಾಜು ಕನ್ನಡಕ ಏರಿಸಿದರು. "ನೇರಳೆ ಬಟ್ಟೆ ಚೂರು."

"ಅಂಬರೀಶನ ಅತ್ತೆ ಸೀರೆ. ಹೋದ ವಾರ ಕಳುವಾದ ಟೊಮೆಟೊ ಕೋಲು. ಕಳೆದ ತಿಂಗಳು ಗೌರಿಬಿದನೂರಿಗೆ ಹೇಗೆ ಹೋಯ್ತು?"

ಮುರಳಿಮೋಹನ್ ಕಾಫಿ ಲೋಟ ಕೆಳಗಿಟ್ಟ. "ಈ ಟಿಫನ್ ಬಾಕ್ಸಿನ ಮಸುಕು ಫೋಟೊ ಇಟ್ಕೊಂಡು ನನ್ನ ಮೇಲೆ..."

"ಮಸುಕೇ. ಮೂಲೇಲಿ ಹಸಿರು ಬಟ್ಟೆ ನೋಡಿ. ಸೊಪ್ಪು ಮುಚ್ಚಿದ ಬಲೆ ಅಂದ್ಕೊಂಡಿದ್ದೆ. ಟೆಂಟು. ಅದರೊಳಗಿಂದ ಬಿಳಿ ಕೊಳವೆ ಬಂದಿದೆ. ನಿಮ್ಮ ಹೆಗಲ ಮೇಲಿರೋ ಅದೇ ಲೆನ್ಸು."

ಶಿರೀಷಾ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದಳು. ಕೊಕ್ಕಿನಿಂದ ಕೋಲಿಗೆ ಎಳೆದ ದಾರ ಕಂಡಿತು.

"ಬೇಯಿಸಿದ ರೇಷ್ಮೆ ಹುಳಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿ ಕೋಲಿಗೆ ಕಟ್ಟಿದ್ರಿ. ಹಕ್ಕಿ ಹುಳ ನುಂಗ್ತು. ಹಾರಕ್ಕೆ ಹೋದ್ರೆ ದಾರ ಗಂಟಲು ಜಗ್ಗುತ್ತೆ. ಒದ್ದಾಡುತ್ತೆ, ರೆಕ್ಕೆ ಬಿಚ್ಚುತ್ತೆ. ನಿಮಗೆ ಸಹಜ ಕ್ಷಣ ಸಿಕ್ತು! ಫೋಟೊದಲ್ಲಿ ದಾರ ಅಳಿಸಿದ್ರಿ, ಹುಳ ಉಳೀತು. ಶಿಡ್ಲಘಟ್ಟದೋರು ಆ ಹುಳ ಗುರುತಿಸ್ತಾರೆ ಅಂತ ನಿಮಗೆ ಹೊಳೀಲಿಲ್ಲ. ಕೆಲಸ ಮುಗಿದ್ಮೇಲೆ ದಾರ ಕತ್ತರಿಸಿ ಬಿಟ್ರಿ. ಹಕ್ಕಿಗಳು ನರಳಿ ಸತ್ವು. ಇವತ್ತು ನಸುಕಿಗೆ ಬಂದು ನೋಡಿದ್ರಿ, ಸಿಕ್ಕಿಬೀಳ್ತೀನಿ ಅಂತ ಬೇಲಿಯಿಂದ ಬಾಟ್ಲಿ ಕಿತ್ತು ತಂದು ಪಕ್ಕದಲ್ಲಿಟ್ರಿ."

"ಹುಳ ಎಲ್ಲರೂ ಇಡ್ತಾರೆ ರೀ!" ಮುರಳಿಮೋಹನ್ ಕಿರುಚಿದ. "ಅಷ್ಟು ಚೆನ್ನಾಗಿರೋ ಫೋಟೊ ಸುಮ್ಮನೆ ಬರುತ್ತಾ? ಒಂದೆರಡು ಹಕ್ಕಿಗೆ ಇಷ್ಟೊಂದು ರಾದ್ಧಾಂತವಾ?"

ಶಿರೀಷಾಳ ದನಿ ಏರಿತು. "ಒಂದೆರಡು ಹಕ್ಕಿ, ಒಬ್ಬ ಮನುಷ್ಯ. ಅವನ ಮುಖ ನಲವತ್ತು ಸಾವಿರ ಜನಕ್ಕೆ ಕೊಲೆಗಾರನ ಮುಖ ಅಂತ ತೋರ್ಸಿದ್ರಲ್ಲ, ಅದನ್ನ ಅಳಿಸೋಕೆ ಯಾವ ಸಾಫ್ಟ್‌ವೇರ್ ಇದೆ ನಿಮ್ಮ ಹತ್ರ? ಎದ್ದೇಳಿ. ಕುರ್ಚಿ ಬಯ್ಯಪ್ಪಂಗೆ ಬೇಕು."

ಗಂಗರಾಜು ಬರೆದಿಟ್ಟ ಹೇಳಿಕೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಾವೇ ಅವನ ಹೆಗಲಿನಿಂದ ಲೆನ್ಸು ಇಳಿಸಿಕೊಂಡು ಜಪ್ತಿ ಪಟ್ಟಿ ಬರೆಯತೊಡಗಿದರು.

* * *

ಬಯ್ಯಪ್ಪ ಕುರ್ಚಿಯಲ್ಲಿ ಕೂರಲಿಲ್ಲ. "ಸೊಪ್ಪು ಹಾಕಿದ್ಲಂತಾ ನಮ್ಮೋಳು?" ಎಂದಷ್ಟೇ ಕೇಳಿದ.

ಹೊತ್ತು ಮುಳುಗುವ ಮುನ್ನ ಶಿರೀಷಾ ಅವನನ್ನು ಬೈಕಿನಲ್ಲಿ ತೋಟಕ್ಕೆ ಕರೆತಂದಳು. ಬದುವಿನ ಹತ್ತಿರ ಇಳಿದ ಮೇಲೆ ಹೇಳಿದ:

"ಬೆಳಿಗ್ಗೆ ನಾನು ಹೇಳಕ್ಕೆ ಬಂದೆ ಕಣಮ್ಮ. ಭಾನುವಾರ ಅವ್ರು ದಾರ ಕಟ್ಟಿದ್ದು ನೋಡಿ ಜಗಳ ಆಡಿ, ಕೋಲು ಕಿತ್ತು ಎಸೆದಿದ್ದೆ. ಕಂಪ್ಲೇಂಟ್ ಕೊಡ್ತೀನಿ ಅಂದಿದ್ದೆ. ಅದಕ್ಕೇ ಮೊದ್ಲು ಅವ್ರೇ ಕೊಟ್ರು. ನನ್ನ ಮಾತು ಯಾರೂ ಬರ್ಕೊಳ್ಳಲಿಲ್ಲ."

ಶಿರೀಷಾ ತಲೆ ತಗ್ಗಿಸಿದಳು. ಬೆಳಿಗ್ಗೆ ಅವನ ಅರ್ಧ ಮಾತು ಅವಳ ಕಿವಿಗೂ ಬಿದ್ದಿತ್ತು. ಇಡೀ ದಿನ ಊರೆಲ್ಲ ಸುತ್ತಿದಳು, ಅವನ ಬಳಿ ಹೋಗಿ ಉಳಿದರ್ಧ ಕೇಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದವರು ಇಬ್ಬರೇ, ಬಯ್ಯಪ್ಪ ಮತ್ತು ಕುತ್ತಿಗೆಯಲ್ಲಿದ್ದ ಟಿಫನ್ ಬಾಕ್ಸು. ಇಬ್ಬರನ್ನೂ ಅವಳು ನಂಬಿರಲಿಲ್ಲ.

ಹುಳುಮನೆಯೊಳಗೆ ಸೊಪ್ಪು ಸಾಲದೆ, ಸಾವಿರಾರು ಹುಳುಗಳು ಮೇಯುವ ಸದ್ದು ತೀರಾ ತೆಳುವಾಗಿತ್ತು. ಬೆಳಗಿನಿಂದ ಒಬ್ಬಳೇ ಕೊಯ್ದು ಹಾಕಿದ್ದ ಮುನಿಶಾಮಮ್ಮ ಗಂಡನನ್ನು ಕಂಡು ಹೊಸಿಲ ಮೇಲೆ ಕುಸಿದು ಕೂತಳು. ಬೆರಳ ತುಂಬ ಸೊಪ್ಪಿನ ಹಾಲು ಅಂಟಿ ಕಪ್ಪಾಗಿತ್ತು.

ಶಿರೀಷಾ ಕ್ಯಾಮೆರಾವನ್ನು ಜೋಪಾನವಾಗಿ ಗೂಟಕ್ಕೆ ನೇತುಹಾಕಿ, ತೋಳು ಮಡಿಚಿದಳು.

"ಇನ್ನೊಂದು ಕುಡುಗೋಲು ಐತಾ ಬಯ್ಯಪ್ಪ?"